ಟ್ಯಾಂಕಿನೊಳಗಿನ ಅರಿಶಿನ

ಅವರಿಗೆ ಬಳೆ ಇಲ್ಲದ ಕೈ ಬೇಕಿತ್ತು. ಮೇಸ್ತ್ರಿ ನನ್ನಿವಾಳಕ್ಕೆ ಬಂದು ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕೂತು ಹೇಳಿದ್ದೇ ಹಾಗೆ. ಬಳೆ ಇರಬಾರದು, ತಾಳಿ ಇರಬಾರದು. ಕುಂಕುಮ, ಹೂವು, ಕಾಡಿಗೆ, ಪೌಡರು ಯಾವುದೂ ಮೈಮೇಲೆ ಇರಬಾರದು. ಆಳು ಗಿಡ್ಡಗೆ ತೆಳ್ಳಗೆ ಇರಬೇಕು. ಮೊದಲು ಮುತ್ತೈದೆಯರನ್ನೇ ಕೇಳಿದ್ದನಂತೆ. ದಿನಾ ತಾಳಿ ಬಿಚ್ಚಿಟ್ಟು ಕೆಲಸಕ್ಕೆ ಇಳಿಯಬೇಕು ಎಂದದ್ದಕ್ಕೆ ಒಬ್ಬಳ ಅತ್ತೆ ಪೊರಕೆ ಹಿಡಿದು ಬಂದಳಂತೆ. ಆಮೇಲೆ ಬುದ್ಧಿ ಬಂದು ಗಂಡ ಸತ್ತವರನ್ನು ಹುಡುಕಲು ಹೊರಟಿದ್ದ.

"ಏನ್ ಕೆಲಸನಪ್ಪಾ?" ಎಂದೆ.

"ಒರೆಸೋದು ಅಜ್ಜಿ. ರಾಕೆಟ್ಟಿನ ಟ್ಯಾಂಕು. ಒಳಗೆ ಇಳಿದು ಒರೆಸ್ಬೇಕು."

"ಹೊರಗಡೆ ಒರೆಸೋಕೆ?"

"ಅದಕ್ಕೆ ಗಂಡಸ್ರು ಅವ್ರೆ."

"ಕಾಣೋ ಕಡೆ ಅವ್ರು, ಕಾಣದ ಕಡೆ ನಾವು. ಆಯ್ತು, ಬರ್ತೀನಿ" ಎಂದೆ. ಅದಕ್ಕೆ ಮೊದಲು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುತ್ತಿದ್ದೆ. ಆ ಮಿಲ್ಲು ಮುಚ್ಚಿ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದೆ.

ವರವು ಕಾವಲಿನ ಹುಲ್ಲುಗಾವಲು ದಾಟಿದ ಮೇಲೆ ಬೇಲಿ, ಬೇಲಿಯೊಳಗೆ ಬೆಟ್ಟದಂಥ ಶೆಡ್ಡು. ಅಲ್ಲಿ ದೊಡ್ಡ ರಾಕೆಟ್ಟಿನ ಕೆಲಸ. ಈಗ ಇರುವುದಕ್ಕಿಂತ ಭಾರಿ ದೊಡ್ಡದಂತೆ. ಮನುಷ್ಯರನ್ನು ಚಂದ್ರನಿಂದ ಆಚೆಗೂ ಒಯ್ಯುವುದಕ್ಕೆ ಅದು. ಅದು ಹಾರುವುದನ್ನು ನಾನು ನೋಡುತ್ತೇನೆ ಅನ್ನುವ ಆಸೆ ನನಗಿಲ್ಲ. ನಾವು ಒರೆಸಬೇಕಾದದ್ದು ಅದರ ಒಂದು ಟ್ಯಾಂಕು. ನೆಲದ ಮೇಲೆ ಬಿಗಿಯಾಗಿ ಕಟ್ಟಿಹಾಕಿ, ಕೆಳಗೆ ಎಂಜಿನ್ನು ಜೋಡಿಸಿ, ಉರಿಸಿ ನೋಡುವುದಕ್ಕೆ ಇಟ್ಟದ್ದು.

ಇಳಿಸುವ ಮೊದಲು ಇಂಜಿನಿಯರಮ್ಮ ನಮಗೊಂದು ಪಾಠ ತೋರಿಸಿದಳು. ನನ್ನ ಮೊಮ್ಮಗಳ ವಯಸ್ಸು ಅವಳದು. ನಾವು ಉಸಿರಾಡುವ ಗಾಳಿಯಲ್ಲಿರುವ ಆಮ್ಲಜನಕವನ್ನೇ ಹೆಪ್ಪುಗಟ್ಟುವಂಥ ಚಳಿಗೆ ಹಾಕಿ ನೀರು ಮಾಡಿರುತ್ತಾರೆ. ತಿಳಿ ನೀಲಿ, ಹೊಗೆಯಾಡುತ್ತಿರುತ್ತದೆ. ಟ್ಯಾಂಕಿಗೆ ತುಂಬುವುದು ಅದನ್ನೇ. ಗಾಜಿನ ಆಚೆ ಒಂದು ಉಕ್ಕಿನ ಬಟ್ಟಲಿಗೆ ಅದನ್ನು ಸುರಿದು ಮೇಲಿಂದ ಕಬ್ಬಿಣದ ತುಂಡು ಬೀಳಿಸಿದರು. ಟಣ್ ಎಂದಿತು, ಅಷ್ಟೆ. ಇನ್ನೊಂದು ಬಟ್ಟಲಿನ ತಳಕ್ಕೆ ಶೇಂಗಾ ಎಣ್ಣೆ ಸವರಿ, ಅದೇ ನೀಲಿ ನೀರು ಸುರಿದು, ಅದೇ ಕಬ್ಬಿಣ ಬೀಳಿಸಿದರು. ಬಂದೂಕು ಹೊಡೆದಂತಾಯಿತು. ಬಟ್ಟಲು ಹರಿದುಹೋಗಿತ್ತು.

"ಇಷ್ಟೇ ಎಣ್ಣೆ ಅಜ್ಜಿ" ಎಂದು ಅವಳು ಕಿರುಬೆರಳ ಉಗುರು ತೋರಿಸಿದಳು. "ಎಣ್ಣೆ, ಬೆವರು, ದಾರದ ಎಳೆ, ಅಡುಗೆ ಪುಡಿ, ಯಾವುದಾದ್ರೂ ಸರಿ. ಒಳಗೆ ಉಳೀತು ಅಂದ್ರೆ ಮುಗೀತು. ಮುಂದೆ ಇಂಥದ್ದರ ಮೇಲೆ ಮನುಷ್ಯರು ಕೂರ್ತಾರೆ."

ನಾನು ಕೈ ಮೂಸಿ ನೋಡಿಕೊಂಡೆ. ಮಿಲ್ಲಿನ ವಾಸನೆ ಅಲ್ಲೇ ಇತ್ತು.

ಮೊದಲು ನಾವು ಮೂವರು ಇದ್ದೆವು. ಒಬ್ಬಳು ಕತ್ತಲೆಗೆ ಹೆದರಿ ಬಿಟ್ಟು ಹೋದಳು. ಉಳಿದದ್ದು ನಾನು ಮತ್ತು ಮೊಳಕಾಲ್ಮೂರು ಕಡೆಯ ರಾಂಪುರದಾಕೆ. ಅವಳು ನನಗಿಂತ ಬಹಳ ಚಿಕ್ಕವಳು. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲಿ ಮುಸುರೆ ತಿಕ್ಕಿಕೊಂಡು ಇದ್ದವಳು. ಬೇಲಿಯ ಹೊರಗೆ ಕಂಟ್ರಾಕ್ಟರು ಹಾಕಿದ ತಗಡಿನ ಕೋಣೆಯಲ್ಲಿ ಇಬ್ಬರೂ ಇರುತ್ತಿದ್ದೆವು. ನಾನು ಮುದ್ದೆ ತಿರುವುತ್ತಿದ್ದೆ, ಅವಳು ತನ್ನ ಹೆಂಚಿನ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು. ಮೊದಲು ತಲೆನೋವು ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

"ಏಮಕ್ಕಾ, ಈ ಕೋಣೆ ಬಾಗಿಲಿಗೆ ಒಳಗಿಂದ ಚಿಲಕ ಐತೆ ನೋಡಿದೀಯಾ?" ಎಂದಳು ಒಂದು ದಿನ.

"ಬಾಗಿಲಂದ್ಮೇಲೆ ಚಿಲಕ ಇರಲ್ವೇನೆ?"

"ನಾನು ಮಲಗೋ ಕಡೆ ಯಾವತ್ತೂ ಇರ್ಲಿಲ್ಲ. ಈ ಕೆಲಸ ಹೋದ್ರೆ ಮತ್ತೆ ಅಡುಗೆಮನೆ ಹಿಂದೆ ಮಲಗ್ಬೇಕು. ನಾನು ಸತ್ರೂ ಹೋಗಲ್ಲಕ್ಕಾ."

ಕೆಲಸ ಹೀಗೆ. ಮೊದಲು ವಾಸನೆ ಇಲ್ಲದ ಸೋಪಿನಲ್ಲಿ ಸ್ನಾನ. ಆಮೇಲೆ ಅಂಗಾಲಿನಿಂದ ನೆತ್ತಿಯ ತನಕ ಬಿಳೀ ಅಂಗಿ, ಬಾಯಿಗೆ ಬಟ್ಟೆ, ಕೈಗೆ ಎರಡೆರಡು ಗವಸು. ಏಣಿ ಹತ್ತಿ ಟ್ಯಾಂಕಿನ ನೆತ್ತಿಗೆ ಹೋಗಬೇಕು. ಅಲ್ಲಿ ಒಂದು ಕಂಡಿ, ದಪ್ಪಗಿರುವವರು ತೂರುವಂತಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಸುತ್ತಾರೆ. ಕೊಳವೆಯಲ್ಲಿ ಗಾಳಿ ಬಿಡುತ್ತಾರೆ, ಇಲ್ಲದಿದ್ದರೆ ಸ್ಪಿರಿಟ್ಟಿನ ವಾಸನೆಗೆ ಅಲ್ಲೇ ಮಲಗಬೇಕಾದೀತು. ಎಳೆ ಬಿಡದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಒಂದೇ ದಿಕ್ಕಿಗೆ ಎಳೆಯಬೇಕು. ಮನೆ ಒರೆಸಿದ ಹಾಗೆ ಆ ಕಡೆ ಈ ಕಡೆ ತಿಕ್ಕಿದರೆ ಕೊಳೆ ಊರೆಲ್ಲ ತಿರುಗುತ್ತದೆ. ಒಂದು ಸಲ ಎಳೆದ ಮೇಲೆ ಮಡಿಕೆ ತಿರುಗಿಸಬೇಕು. ಮೇಲಿಂದ ಕೆಳಕ್ಕೆ, ಬೆಸುಗೆಯ ಗೆರೆಗಳ ಗುಂಟ, ಆ ನೀಲಿ ನೀರು ತುಳುಕದಂತೆ ಒಳಗೆ ಕೂರಿಸಿದ ಅಡ್ಡಪಟ್ಟಿಗಳ ಹಿಂದೆ, ಕೊನೆಗೆ ತಳದ ತೂತಿನ ಬಾಯಿ. ಆ ತೂತಿನಿಂದಲೇ ಎಲ್ಲವೂ ಎಂಜಿನ್ನಿಗೆ ಹೋಗುವುದು.

ಒರೆಸಿದ ಮೇಲೆ ಬೆಳಕು ಆರಿಸಿ ಕಪ್ಪು ದೀಪ ಹಿಡಿಯುತ್ತೇವೆ. ಅದರ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬೇಕು. ಕೊಳೆ ಮಾತ್ರ ಹೊಳೆಯುತ್ತದೆ. ದಾರದ ಎಳೆ ಬಿಳೀ ಹುಳದ ಹಾಗೆ, ಎಣ್ಣೆ ಹಾಲು ಚೆಲ್ಲಿದ ಹಾಗೆ.

ಒಳಗೆ ಇದ್ದಷ್ಟು ಹೊತ್ತೂ ಒಬ್ಬಳೇ. ಕಂಡಿಯ ಬಾಯಲ್ಲಿ ಹಗ್ಗ ಹಿಡಿದು ಒಬ್ಬ ಕೂತಿರುತ್ತಿದ್ದ. ಚಳ್ಳಕೆರೆಯಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದ ಸಾಬರ ಪೈಕಿ ಅವನು. ಭಾಯಿ ಅನ್ನುತ್ತಿದ್ದೆ. ಆಗಾಗ ಕೂಗುವುದು ಅವನ ಕೆಲಸ, ಓ ಅನ್ನುವುದು ನನ್ನ ಕೆಲಸ. ಓ ಅನ್ನದಿದ್ದರೆ ಅವನು ಸೀಟಿ ಊದಬೇಕು, ಹಗ್ಗ ಎಳೆಯಬೇಕು.

"ಅಜ್ಜೀ, ಇದೀಯಾ?"

"ಇದೀನಿ ಭಾಯಿ. ಇನ್ನೂ ಸತ್ತಿಲ್ಲ."

"ಜಲ್ದಿ ಬೇಡ ಅಜ್ಜೀ. ನೀನು ಸತ್ರೆ ನಾನು ದೊಡ್ಡ ದೊಡ್ಡ ಫಾರಂ ತುಂಬ್ಬೇಕು."

ಮನೆಯಲ್ಲಿ ಹಾಗೆ ಕೂಗಿ ಕೇಳುವವರು ಯಾರೂ ಇರಲಿಲ್ಲ. ಅದಕ್ಕೇನೂ ಅಳಲಿಲ್ಲ. ಇದ್ದದ್ದನ್ನು ಹೇಳಿದೆ.

ಮೊದಲ ಸಲ ಟ್ಯಾಂಕು ಪಾಸಾಗಲಿಲ್ಲ. ನಾನು ಒರೆಸಿದ ಕಡೆಯಲ್ಲೆಲ್ಲ ಹಾಲಿನ ಚುಕ್ಕೆ. ಇಂಜಿನಿಯರಮ್ಮ ಗವಸು ನೋಡಿದಳು, ಬಟ್ಟೆ ನೋಡಿದಳು, ಕೊನೆಗೆ ನನ್ನ ತಲೆಯ ಮೇಲೆ ಕಪ್ಪು ದೀಪ ಹಿಡಿದಳು. ಹಣೆಯಂಚು ಹೊಳೆಯುತ್ತಿತ್ತಂತೆ. ಮಿಲ್ಲಿನಲ್ಲಿ ಇದ್ದಷ್ಟು ವರ್ಷ ಕುಡಿದ ಎಣ್ಣೆಯನ್ನು ತಲೆ ಈಗ ಬೆವರಿನ ಜೊತೆ ಬಿಡುತ್ತಿತ್ತು. ಸೀಗೆಕಾಯಿ ಹಾಕಿ ತಿಕ್ಕಿದೆ, ಸೋಪು ಹಾಕಿ ತಿಕ್ಕಿದೆ. ಹೋಗಲಿಲ್ಲ. ಚಳ್ಳಕೆರೆಗೆ ಹೋಗಿ ಕ್ಷೌರದವನ ಮುಂದೆ ಕೂತು ಬೋಳಿಸಿಬಿಡು ಎಂದೆ.

"ಯಾವ ದೇವ್ರಿಗೆ ಅಜ್ಜಿ ಹರಕೆ?" ಎಂದ.

"ಟ್ಯಾಂಕಿಗೆ."

ಅವನಿಗೆ ಅರ್ಥವಾಗಲಿಲ್ಲ. ರಾಂಪುರದಾಕೆ ನನ್ನನ್ನು ನೋಡಿ ಮೊದಲು ನಕ್ಕಳು. ಆಮೇಲೆ ಬಾಯಿಗೆ ಸೆರಗು ಹಿಡಿದಳು.

"ಇದನ್ನ ಮಾಡಿಸ್ತಾರೆ ಅಂತ ನಮ್ಮಜ್ಜಿ ಕಾಲದಾಗೆ ಹೆಂಗಸ್ರು ಬಾವಿಗೆ ಬೀಳ್ತಿದ್ರಂತೆ ಅಕ್ಕಾ. ನೀನಾಗೇ ಹೋಗಿ ಮಾಡಿಸ್ಕೊಂಡು ಬಂದೀಯಲ್ಲ!"

"ಬಾವಿಗಿಂತ ಟ್ಯಾಂಕು ಚಲೋ ಐತೆ. ಒಣಗಿರುತ್ತೆ."

ಅವಳು ಕೂದಲು ತೆಗೆಸಲಿಲ್ಲ. ಅವಳಿಗೆ ಎರಡು ಟೋಪಿ ಹಾಕಿಸಿದರು. ಎರಡನೆಯ ಸಲ ಒರೆಸಿದಾಗ ಟ್ಯಾಂಕು ಕಪ್ಪು ದೀಪದಲ್ಲಿ ಬರೀ ಕಪ್ಪಾಗಿ ಕಂಡಿತು. ಮುಚ್ಚುವ ಮೊದಲು ಇನ್ನೊಂದು ಕೊನೆಯ ನೋಟ ಬಾಕಿ ಇತ್ತು. ಅಷ್ಟರಲ್ಲಿ ಆಯುಧಪೂಜೆ ಬಂತು.

ಟ್ಯಾಂಕಿಗೆ ಏನೂ ತಾಗಬಾರದು ಎಂದು ಇಂಜಿನಿಯರಮ್ಮ ಕಟ್ಟುನಿಟ್ಟು ಮಾಡಿದ್ದಳು. ಅದಕ್ಕೆ ಅದನ್ನು ಹೊರುವ ಗಾಡಿಯನ್ನು ಅಂಗಳಕ್ಕೆ ತಂದು ಬಾಳೆಕಂಬ ಕಟ್ಟಿ, ಚೆಂಡುಹೂವು ಹಾಕಿ, ಗಾಲಿಗೆ ಅರಿಶಿನ ಕುಂಕುಮ ಹಚ್ಚಿದರು. ಸ್ಪ್ಯಾನರು, ಸುತ್ತಿಗೆ ಎಲ್ಲಕ್ಕೂ ಹಚ್ಚಿದರು. ಭಾಯಿಯೂ ತನ್ನ ಹಗ್ಗ ತಂದು ಸಾಲಿನಲ್ಲಿ ಇಟ್ಟ. ನಾವು ನಮ್ಮ ಬಟ್ಟೆಯ ಬುಟ್ಟಿ ಹಿಡಿದು ಬಂದೆವು. ಮೇಸ್ತ್ರಿ ಅಡ್ಡ ಬಂದ.

"ನೀವಿಬ್ರು ಕ್ಯಾಂಟೀನ್ ಕಡೆ ಹೋಗಿರ್ರಿ. ಮಂಗಳಾರತಿ ಆದ್ಮೇಲೆ ಕರೀತೀನಿ. ತಪ್ಪು ತಿಳ್ಕಬ್ಯಾಡ್ರಿ."

ನನಗೆ ಇದು ಹೊಸದಲ್ಲ. ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿದೆ. ರಾಂಪುರದಾಕೆ ಕುಡಿಯಲಿಲ್ಲ. ಲೋಟ ಆರಿ ಕೆನೆ ಕಟ್ಟಿತು.

"ನನ್ನ ಮಗಳ ಮದುವೇಲಿ ನನ್ನ ಮಗಳಿಗೇ ಅರಿಶಿನ ಹಚ್ಚೋಕೆ ಬಿಡ್ಲಿಲ್ಲ ಅಕ್ಕಾ. ಅಡುಗೆಮನೇಲಿ ನಿಂತು ಕಿಟಕೀಲಿ ನೋಡ್ದೆ."

"ನೋಡೋಕಾದ್ರೂ ಸಿಕ್ತಲ್ಲ."

"ಆ ಟ್ಯಾಂಕಿನ ಮೈನೆಲ್ಲ ನಾವು ತೊಳೆದೀವಿ. ಮಗೂನ ತೊಳೆದ ಹಂಗೆ. ಈವಾಗ ನಮ್ಮ ಕೈ ಆಗಲ್ವಾ?"

"ತಲೆ ಕೆಡಿಸ್ಕಬ್ಯಾಡ. ಚಾ ಕುಡಿ" ಎಂದೆ. ಅವಳು ಅವತ್ತು ಮತ್ತೆ ಮಾತಾಡಲಿಲ್ಲ. ಅವಳು ಸುಮ್ಮನಿದ್ದಾಳೆ ಅನ್ನುವುದನ್ನು ನಾನು ಗಮನಿಸಬೇಕಿತ್ತು. ಕೋಣೆ ತಣ್ಣಗಿದೆ, ನಿದ್ದೆ ಬರುತ್ತದೆ ಎಂದುಕೊಂಡು ಮಲಗಿದೆ.

ಹಬ್ಬ ಕಳೆದ ಮೇಲೆ ಕೊನೆಯ ನೋಟ. ಬೆಳಿಗ್ಗೆ ಅವಳು ಇಳಿದು ತಳ ಒರೆಸಿ ಬಂದಳು. ಊಟದ ಮೇಲೆ ನಾನು ಕಪ್ಪು ದೀಪ ಹಿಡಿದು ಇಳಿದೆ. ಮೇಲಿನ ಸುತ್ತು ಸರಿಯಿತ್ತು, ನಡುವೆಯೂ ಸರಿಯಿತ್ತು. ತಳಕ್ಕೆ ಬಂದು ಕೊನೆಯ ಅಡ್ಡಪಟ್ಟಿಯ ಹಿಂದೆ ದೀಪ ತೂರಿಸಿದೆ.

ಬೆಸುಗೆಯ ಗೆರೆಯ ಮೇಲೆ ಹೆಬ್ಬೆರಳಗಲದ ಒಂದು ಬೊಟ್ಟು. ಹಸಿರು ಹಳದಿ ಬೆಂಕಿಯ ಹಾಗೆ ಹೊಳೆಯುತ್ತಿತ್ತು. ನಡುವೆ ಸಣ್ಣ ಕಪ್ಪು ಚುಕ್ಕೆ. ಬಿಳೀ ದೀಪ ಹಾಕಿ ನೋಡಿದೆ. ಅರಿಶಿನ, ಅದರ ನಡುವೆ ಕುಂಕುಮ.

ಯಾರು ಎಂದು ಕೇಳಿಕೊಳ್ಳಬೇಕಾಗಿರಲಿಲ್ಲ.

ಕೈ ತಾನಾಗಿ ಬಟ್ಟೆ ತೆಗೆದುಕೊಂಡಿತು. ಸ್ಪಿರಿಟ್ಟಿನಲ್ಲಿ ನೆನೆಸಿ ಒಂದೇ ದಿಕ್ಕಿಗೆ ಎಳೆದೆ. ಬಿಳೀ ಬೆಳಕಿನಲ್ಲಿ ಹೋದಂತೆ ಕಂಡಿತು. ಕಪ್ಪು ದೀಪ ಹಿಡಿದೆ. ಅರಿಶಿನ ಸ್ಪಿರಿಟ್ಟಿನಲ್ಲಿ ಕರಗಿ ಬೆಸುಗೆಯ ಗೆರೆ ಹಿಡಿದು ಓಡಿತ್ತು. ಬೊಟ್ಟು ಇದ್ದದ್ದು ಈಗ ಮೊಳದುದ್ದ ಹೊಳೆಯುತ್ತಿತ್ತು. ಇನ್ನೊಂದು ಬಟ್ಟೆ ತೆಗೆದುಕೊಂಡೆ. ಇನ್ನೂ ತೆಳ್ಳಗಾಯಿತು, ಇನ್ನೂ ಉದ್ದವಾಯಿತು.

"ಅಜ್ಜೀ, ಇದೀಯಾ?"

ನಾನು ಓ ಅನ್ನಲಿಲ್ಲ.

ಒರೆಸುತ್ತ ಹೋದರೆ ಎಲ್ಲೋ ಒಂದು ಕಡೆ ಅದು ಕಾಣದಷ್ಟು ತೆಳ್ಳಗಾಗುತ್ತದೆ. ಆಗ ಸ್ವಚ್ಛ ಆಯಿತು ಎಂದು ಮೇಲೆ ಹೋಗಿ ಹೇಳಬಹುದು. ಅವಳ ಕೆಲಸ ಉಳಿಯುತ್ತದೆ, ಚಿಲಕ ಉಳಿಯುತ್ತದೆ. ಆದರೆ ಬೆಸುಗೆಯ ಸಂದಿಯಲ್ಲಿ ಇಳಿದದ್ದು ಬಂತೋ ಇಲ್ಲವೋ ಎಂದು ನನಗೆ ಗೊತ್ತಾಗುವುದಿಲ್ಲ. ಕಬ್ಬಿಣ ಬಿದ್ದಾಗ ಬಟ್ಟಲು ಹರಿದದ್ದು ಕಣ್ಣ ಮುಂದೆ ಬಂತು.

"ಅಜ್ಜೀ! ಯಾ ಅಲ್ಲಾ... ಅಜ್ಜೀ!" ಸೀಟಿ ಊದಿದ. ಹಗ್ಗ ಸೊಂಟಕ್ಕೆ ಬಿಗಿಯಿತು.

"ಎಳೀಬ್ಯಾಡ ಭಾಯಿ, ಇದೀನಿ. ಇಂಜಿನಿಯರಮ್ಮನ್ನ ಕರಿ."

"ಏನಾಯ್ತು?"

"ಕರಿ ಅಂದ್ನಲ್ಲ."

ಇಂಜಿನಿಯರಮ್ಮ ತಾನೇ ಇಳಿದು ನೋಡಿ ಬಂದಳು. ಮುಖ ಬಿಳಿಚಿತ್ತು. ಬೈಯಲಿಲ್ಲ. ಕೆಳಗೆ ಬಂದ ಮೇಲೆ ನಮ್ಮಿಬ್ಬರನ್ನೂ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಲ್ಲಿಸಿದಳು. ಒಳಗೆ ಇಳಿದವರು ನಾವಿಬ್ಬರೇ.

"ಯಾರು ಹಚ್ಚಿದ್ದು ಅಜ್ಜಿ?"

"ನಾನಲ್ಲ" ಎಂದೆ.

ಕೇಳಿದ್ದಕ್ಕೆ ನಾನು ಆಡಿದ್ದು ಅದೊಂದೇ ಮಾತು. ಅದಾದ ಮೇಲೆ ಉಳಿದವಳು ಅವಳೊಬ್ಬಳೇ.

ರಾಂಪುರದಾಕೆ ನನ್ನ ಕಡೆ ತಿರುಗಲೂ ಇಲ್ಲ. "ನಾನೇ ಮೇಡಮ್ಮಾರೆ. ಒಳಗವಸಿನ ಹೆಬ್ಬೆಟ್ಟಿಗೆ ಹಚ್ಕೊಂಡು ಹೋಗಿದ್ದೆ, ತಳದಾಗೆ ಮೇಲಿನ ಗವಸು ತೆಗೆದೆ. ಹೊರಗೆ ಕಾಯಿ ಒಡೆದ್ರೆ ಒಳಗೆ ಕೇಳ್ಸುತ್ತಾ? ಒಳಗೆ ಯಾರೂ ಪೂಜೆ ಮಾಡಿರ್ಲಿಲ್ಲ. ಮನುಷ್ಯರು ಕೂರ್ತಾರೆ ಅಂದ್ರಲ್ಲ ನೀವು. ಒಳ್ಳೇದಾಗ್ಲಿ ಅಂತ ಹಚ್ದೆ."

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಹಣೆ ಬಡಿದುಕೊಂಡ. "ಥೂ! ಮುಂಡೆ ಕೈಯಾಗೆ ಪೂಜೆ ಬೇರೆ ಕೇಡು!"

"ಮುಂಡೆ ಕೈನೇ ಬೇಕು ಅಂತ ಊರೂರು ಅಲೆದೋನು ನೀನೇ ಅಲ್ವೇನೋ" ಎಂದೆ.

ಇಂಜಿನಿಯರಮ್ಮ ಅವನನ್ನು ಆಚೆ ಕಳಿಸಿದಳು. ರಾಂಪುರದಾಕೆಯನ್ನು ಕೂರಿಸಿ ನೀರು ಕೊಟ್ಟಳು. ಆದರೂ ಮಾತು ಬದಲಿಸಲಿಲ್ಲ. "ನಿಮ್ಮನ್ನ ಇನ್ನು ಒಳಗೆ ಬಿಡೋಕಾಗಲ್ಲಮ್ಮ. ನಾನು ಬಿಟ್ರೂ ಮೇಲಿನವರು ಬಿಡಲ್ಲ." ಹೊರಗಿನ ಕೆಲಸ ಏನಾದರೂ ಕೊಡು ಎಂದು ಕಂಟ್ರಾಕ್ಟರನ್ನು ಕೇಳಿದಳಂತೆ. ಅವನು ಕೊಡಲಿಲ್ಲ.

ಕೋಣೆಯಲ್ಲಿ ಅವಳು ಸೀರೆ ಮಡಿಸಿ ಚೀಲಕ್ಕೆ ತುಂಬುವುದನ್ನು ನೋಡುತ್ತ ನಿಂತಿದ್ದೆ. ನಾನೂ ಕೈ ಹಾಕಲು ಹೋದೆ, ಚೀಲವನ್ನು ಆ ಕಡೆ ಎಳೆದುಕೊಂಡಳು. ಹೋಗುವಾಗ ಒಳಗಿನ ಚಿಲಕವನ್ನು ಒಂದು ಸಲ ಹಾಕಿ ತೆಗೆದಳು. ಹೆಂಚು ಮರೆತು ಹೋದಳು, ಅಥವಾ ಬೇಕೆಂದೇ ಬಿಟ್ಟಳು.

ಟ್ಯಾಂಕನ್ನು ಮತ್ತೆ ಮೊದಲಿನಿಂದ ತೊಳೆಯಬೇಕಾಯಿತು. ನೀರು ತುಂಬಿ ಖಾಲಿ ಮಾಡಿದರು, ಬಿಸಿ ಗಾಳಿ ಬಿಟ್ಟು ಒಣಗಿಸಿದರು, ಅರಿಶಿನ ಹರಿದ ಬೆಸುಗೆಯನ್ನು ಬೇರೆ ಮದ್ದು ಹಾಕಿ ಎಳೆದೆಳೆದು ತೆಗೆದೆವು. ತೆಗೆದೆವು ಎಂದರೆ ತೆಗೆದೆ. ಹೊಸಬರಿಗೆ ಕಲಿಸಿ ತಯಾರು ಮಾಡುವ ತನಕ ಒಳಗೆ ಇಳಿಯಲು ನಾನೊಬ್ಬಳೇ. ಎಂಜಿನ್ನು ಉರಿಸುವುದು ಮುಂದಕ್ಕೆ ಹೋಯಿತು. ದೊಡ್ಡವರು ಬಂದು ಕೂಗಾಡಿದರು. ಅದು ಕಂಡಿಯೊಳಗೆ ಗುಂಯ್ ಅಂತ ಮಾತ್ರ ಕೇಳುತ್ತಿತ್ತು.

ಮೊದಲು ಅವಳ ಸರದಿ ಮುಗಿಯುವುದನ್ನು ಕಾಯುತ್ತಿದ್ದೆ, ಈಗ ಕಾಯುವುದಕ್ಕೆ ಏನೂ ಇರಲಿಲ್ಲ. ಟ್ಯಾಂಕಿನಿಂದ ಕೋಣೆ, ಕೋಣೆಯಿಂದ ಟ್ಯಾಂಕು. ಎರಡೂ ತಗಡೇ. ಟ್ಯಾಂಕಿನಲ್ಲಾದರೂ ಒಬ್ಬ ಕೂಗುತ್ತಿದ್ದ. ಊರಿಗೆ ಹೋದರೆ ಜೊತೆಗಾತಿಯ ಅನ್ನ ಕಿತ್ತವಳು ಅನ್ನುತ್ತಿದ್ದರು. ಯಾರಿಗೂ ಎದುರಾಡಲಿಲ್ಲ. ಈಗ ಬರೆಯುತ್ತಿದ್ದೇನೆ, ಅಕ್ಷರ ಕೂಡಿಸಿ ಕೂಡಿಸಿ. ಓದಿಕೊಳ್ಳಲಿ.

ಉರಿಸಿದ ದಿನ ನಮ್ಮನ್ನೆಲ್ಲ ದೂರ ಕಳಿಸಿದ್ದರು. ಕಾವಲಿನ ಹುಲ್ಲಿನ ನಡುವೆ ನಾನೂ ಭಾಯಿಯೂ ನಿಂತಿದ್ದೆವು. ಮೊದಲು ಬಿಳೀ ಹೊಗೆ ಕಂಡಿತು. ಸದ್ದು ಆಮೇಲೆ ಬಂತು. ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಜಿಂಕೆಗಳು ಹುಲ್ಲಿನಿಂದ ಎದ್ದು ಓಡಿದವು. ಭಾಯಿ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. ನಾನು ಕೊನೆಯ ಅಡ್ಡಪಟ್ಟಿಯ ಹಿಂದಿನ ಬೆಸುಗೆ ಒಂದನ್ನೇ ನೆನೆಯುತ್ತಿದ್ದೆ. ಉರಿಯಬೇಕಾದಷ್ಟು ಹೊತ್ತು ಉರಿದು, ನಿಲ್ಲಬೇಕಾದಾಗ ನಿಂತಿತು. ದೂರದಲ್ಲಿ ಚಪ್ಪಾಳೆ ಕೇಳಿತು.

"ನಡಿ ಅಜ್ಜೀ, ಸ್ವೀಟ್ ಕೊಡ್ತಾರೆ" ಎಂದ.

"ನನ್ನ ಪಾಲೂ ನೀನೇ ತಿನ್ನು" ಎಂದು ಕೋಣೆಗೆ ಹೋದೆ.

ಮುಂದಿನ ರಜೆಗೆ ಹೆಂಚನ್ನು ಚೀಲಕ್ಕೆ ಹಾಕಿಕೊಂಡು ಬಳ್ಳಾರಿ ಬಸ್ಸು ಹತ್ತಿ ರಾಂಪುರದಲ್ಲಿ ಇಳಿದೆ. ತಮ್ಮನ ಮನೆ ರಸ್ತೆಗೇ ಇದೆ. ಅವಳು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹೆಂಚು ಕೊಟ್ಟೆ. ಹಿಂದುಮುಂದು ತಿರುಗಿಸಿ ನೋಡಿದಳು.

"ತುಕ್ಕು ಹಿಡಿಸಿದೀಯಾ."

"ರೊಟ್ಟಿ ಬಡಿಯೋರಿರ್ಲಿಲ್ಲ."

ಸ್ವಲ್ಪ ಹೊತ್ತು ಬೂದಿ ಹಾಕಿ ಅದನ್ನೇ ತಿಕ್ಕಿದಳು. ಆಮೇಲೆ, "ನೀನೇ ಹಚ್ಚಿದ್ದು ಅಂತ ಹೇಳ್ಕೋಬೋದಿತ್ತು. ನಿನಗೆ ಊರಾಗೆ ಸ್ವಂತ ಮನೆ ಐತೆ. ನಿಂದೇನು ಹೋಗ್ತಿತ್ತಕ್ಕಾ?" ಎಂದಳು.

ಇದನ್ನು ಕೇಳುತ್ತಾಳೆ ಎಂದು ಗೊತ್ತಿತ್ತು. "ಹೇಳಿದ್ರೆ ನೀನು ಮುಂದಿನ ಟ್ಯಾಂಕಿಗೂ ಹಚ್ತಿದ್ದೆ" ಎಂದೆ.

ಅವಳು ಹೆಂಚನ್ನು ಮಗುಚಿ ಆ ಕಡೆಯೂ ತಿಕ್ಕಿದಳು.

"ಉರೀತಾ ಅದು?"

"ಉರೀತು. ಚೆನ್ನಾಗಿ ಉರೀತು."

"ನಾನು ಹಚ್ಚಿದ್ದಕ್ಕೆ."

"ನೀನು ಹಚ್ಚಿದ್ದನ್ನ ಒರೆಸಿದ್ದಕ್ಕೆ."

ಅವಳಿಗೆ ನಗು ಬಂತು. ಬಂದದ್ದು ಅಲ್ಲೇ ನಿಂತಿತು. ನಾನು ಎದ್ದೆ. ಅವಳೂ ಕೈ ತೊಳೆದುಕೊಂಡು ಒಳಗೆ ಹೋದಳು. ಬರುವಾಗ ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲಿತ್ತು. ಅದು ತಮ್ಮನ ಹೆಂಡತಿಯದು. ಆ ಹೆಂಗಸು ಒಳಗಿನಿಂದ "ಏಯ್, ಅದ್ಯಾಕೆ ಮುಟ್ಟಿದೆ?" ಎಂದು ಕೂಗುತ್ತಿತ್ತು. ಇವಳು ಕೇಳಿಸಿಕೊಳ್ಳಲಿಲ್ಲ. ನಡು ಅಂಗಳದಲ್ಲಿ ನಿಂತು ಬಟ್ಟಲನ್ನು ನನ್ನ ಮುಂದೆ ಹಿಡಿದಳು.

"ಹಚ್ಕೋ ಅಕ್ಕಾ. ಇಲ್ಲಿ ಕಪ್ಪು ದೀಪ ಹಿಡಿದು ನೋಡೋರಿಲ್ಲ."

ಕುಟುಕಿದಳೋ ಮರ್ಯಾದೆ ಮಾಡಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಗಂಡ ಸತ್ತ ಮೇಲೆ ನನ್ನ ಮುಂದೆ ಯಾರೂ ಆ ಬಟ್ಟಲು ಹಿಡಿದಿರಲಿಲ್ಲ. ಅರಿಶಿನದ ವಾಸನೆ ಬರುತ್ತಿತ್ತು. ಕೈ ಚೂರು ಮುಂದೆ ಹೋಯಿತು. ಆಮೇಲೆ ಉಗುರಿನ ಸಂದಿ ನೆನಪಾಯಿತು. ಅಲ್ಲಿ ಒಂದು ಸಲ ಹೊಕ್ಕರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಬೆಳಿಗ್ಗೆ ಹೊಸ ಟ್ಯಾಂಕಿಗೆ ಇಳಿಯುವುದಿತ್ತು.

"ಬ್ಯಾಡ ಕಣೇ" ಎಂದೆ. "ನಾಳೆ ಕೆಲಸ ಐತೆ."

ಅವಳು ಬಟ್ಟಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ರಸ್ತೆ ದಾಟಿ, ಕೈ ಒಡ್ಡಿ ಚಳ್ಳಕೆರೆ ಬಸ್ಸು ನಿಲ್ಲಿಸಿ, ಹತ್ತಿ ಕಿಟಕಿಗೆ ಕೂತು ನೋಡಿದಾಗಲೂ ಅದನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.